ಮೊಲಕ್ಕೆ ನಾಳಿನ ಸೊಪ್ಪು

ಜಿನೀವಾದಾಚೆ, ಜೂರಾ ಬೆಟ್ಟದ ಬುಡದಲ್ಲಿ
ನೂರು ಮೀಟರು ಕೆಳಗೆ ಉಂಗುರದ ಸುರಂಗ.
ಮೇಲೆ, ಮುಸುಕಿನ ಜೋಳದ ಹೊಲದ ಪಕ್ಕ
ಯೋಲಾಂದ್ ಬೆರ್ತೂ ಫೋನೆತ್ತುತ್ತಾಳೆ.
ಇಪ್ಪತ್ತೆರಡು ವರ್ಷದ ಕೆಲಸ. ಇಂಥ ವಾರ ಕಂಡಿಲ್ಲ.

‘ನಾಳೆ ಯಂತ್ರ ಚಾಲೂ ಮಾಡುತ್ತೀರಂತೆ,
ಕಪ್ಪುಕುಳಿ ಹುಟ್ಟಿ ಎಲ್ಲರನ್ನೂ ನುಂಗುತ್ತಂತೆ.’
ಲಿಯಾನಿನ ಮುದಿ ದರ್ಜಿ. ನಾಪೋಲಿಯ ಬಸುರಿ.
ಸಾಲದ ಕಂತು ಕಟ್ಟಲೋ ಬಿಡಲೋ ಎಂದು
ತಾರೀಖು ಹಿಡಿದು ಕೇಳಿದವನೊಬ್ಬ.

ಅಚ್ಚಾದ ಉತ್ತರ ಕೈಯಲ್ಲಿದೆ, ಓದುತ್ತಾಳೆ:
ಇಲ್ಲಿಯದಕ್ಕಿಂತ ಬಿರುಸಾದ ಡಿಕ್ಕಿಗಳು
ಕೋಟಿ ಕೋಟಿ ವರ್ಷಗಳಿಂದ ಮುಗಿಲಲ್ಲಿ ನಡೆದಿವೆ.
ಭೂಮಿ ಇದೆ. ಚಂದ್ರನಿದ್ದಾನೆ.
ಅಂಥದೊಂದು ಹುಟ್ಟಿದರೂ ಎವೆಯಿಕ್ಕುವ ಮೊದಲೇ
ಆವಿಯಾಗುತ್ತದೆ ಎಂದು ಲೆಕ್ಕ ಹೇಳುತ್ತದೆ.
‘ಹೇಳುತ್ತದೆ’ ಎಂಬಲ್ಲಿ ದನಿ ತುಸು ಎಡವುತ್ತದೆ.

ಸಂಜೆ ನಾಲ್ಕಕ್ಕೆ ಒಂದು ಪುಟ್ಟ ದನಿ:
‘ನನ್ನ ಮೊಲಕ್ಕೆ ನಾಳಿನ ಸೊಪ್ಪೂ ಇವತ್ತೇ ಹಾಕಿಬಿಡಲಾ?’
ಕಾಗದದಲ್ಲಿ ಮೊಲವಿಲ್ಲ.
‘ನಾಳಿನದು ನಾಳೆ ಹಾಕು,’ ಎಂದಳು.
ಫೋನಿಟ್ಟ ಮೇಲೆ ಕೈ ನಡುಗಿತು.

ಕ್ಯಾಂಟೀನಿನಲ್ಲಿ ಎಂಡ್ರೆಯನ್ನು ಕೇಳಿದಳು,
‘ಕಂಡಿದ್ದೀರಾ, ಒಂದನ್ನಾದರೂ?’
‘ಕಾಣುವುದಿಲ್ಲ. ಅದರ ಗುಣವೇ ಅದು.’
ಮೇಜುಬಟ್ಟೆಯ ಮೇಲೊಂದು ಮೆಣಸಿನ ಕಾಳಿಟ್ಟು
ಬೆರಳಲ್ಲಿ ತಳ್ಳಿದ, ಉದ್ದನೆಯ ಸುತ್ತು.
‘ಹಾಲುಹಾದಿಯ ನಡುವೆ ಒಂದು ಚುಕ್ಕಿ
ಹದಿನಾರು ವರ್ಷಕ್ಕೊಮ್ಮೆ ಬರೀ ಬಯಲನ್ನು ಸುತ್ತುತ್ತದೆ,
ಹತ್ತಿರ ಬಂದಾಗ ಹುಚ್ಚೆದ್ದು ಓಡುತ್ತದೆ.
ನಲವತ್ತು ಲಕ್ಷ ಸೂರ್ಯರ ತೂಕ
ಅಲ್ಲೇ ಎಲ್ಲೋ ಕೂತಿರಬೇಕು.’

ಎತ್ತು ಸುತ್ತುತ್ತಿದ್ದರೆ ಕಣದಲ್ಲಿ ಮೇಟಿಯಿದೆ,
ಕತ್ತಲಲ್ಲಿ ಕಾಣದಿದ್ದರೂ —
ನಾನಾದರೆ ಹೀಗೆ ಹೇಳುತ್ತಿದ್ದೆ.
ಅವನು ನಾರ್ವೆಯವನು. ಮೆಣಸೇ ಗತಿ.

ಯೋಲಾಂದ್ ಮೇಜುಬಟ್ಟೆಯ ಅಂಚೆತ್ತಿ
ಕೆಳಗೆ ಇಣುಕಿದಳು.
ಒಂದು ಬ್ರೆಡ್ಡಿನ ಚೂರು.
ಇಬ್ಬರೂ ನಕ್ಕರು. ಅವನು ಮೊದಲು ನಿಲ್ಲಿಸಿದ.

ಮನೆಗೆ ನಡೆವಾಗ ಬೆಟ್ಟದ ಮೇಲೆ ಚಂದ್ರ.
ಅವಳಜ್ಜಿ ಅದರಲ್ಲಿ ತೋರಿಸುತ್ತಿದ್ದದ್ದು
ಕಟ್ಟಿಗೆ ಹೊತ್ತ ಮುದುಕನನ್ನು.
ನನ್ನ ಭಾಷೆಯ ಚಂದ್ರನಲ್ಲಿ ಮೊಲ,
ಅಷ್ಟು ಕಾಲದ ಡಿಕ್ಕಿ ತಿಂದೂ
ಒಂದು ಕೂದಲು ಕೊಂಕದೆ ಕೂತಿದೆ.
ಇದನ್ನು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಮರುದಿನ ಯಂತ್ರ ಚಾಲೂ ಆಯಿತು.
ಊಟದ ಹೊತ್ತಿಗೆ ಫೋನುಗಳು ತಣ್ಣಗಾದವು.
ಮಧ್ಯಾಹ್ನ ಅದೇ ದನಿ, ಹೆಸರೂ ಹೇಳದೆ:
‘ತಿಂತಿದೆ.’
ಆಮೇಲೆ ಏನೋ ಕರುಕುರು,
ಬಹಳ ಹೊತ್ತು.

ಅಚ್ಚಾದ ಉತ್ತರದ ಹಿಂಬದಿಗೆ
ಬರೆದುಕೊಂಡಳು:
ಮೂರು ಮೂವತ್ತನಾಲ್ಕು. ಮೊಲ.