ಅಕ್ಷರ ಉದುರಿದ ಶನಿವಾರ

ಸೊಲ್ಲಾಪುರ, ಅಶೋಕ ಚೌಕದ ಹಿಂದೆ, ಚಾದರದ ಕಾರ್ಖಾನೆ.
ಪಗಾರದ ಯಾದಿ ತೆರೆದು ಕೂತಿದ್ದೆ.
ಮೊದಲು ನರಸೂಬಾಯಿಯ ಎನ್ ಕಳಚಿತು,
ಗಾಜಿನೊಳಗೇ ಜಾರಿ ತಳಕ್ಕೆ ಬಿತ್ತು.
ಚಷ್ಮಾ ಒರೆಸಿಕೊಂಡೆ.
ಮಲ್ಲವ್ವನ ಎರಡೂ ಎಲ್ ಬಿದ್ದವು,
ಆಮೇಲೆ ಯಾರದೆಂದು ಹೇಳಲಾಗದಷ್ಟು.
ಪರದೆಯ ಬುಡದಲ್ಲಿ ಅಕ್ಷರದ ಕಸ,
ಮಗ್ಗದ ಕೆಳಗೆ ಕೂಡುವ ಹತ್ತಿಯ ಹಾಗೆ.

ಪುಣೆಯಿಂದ ಬಂದ ಹುಡುಗ ಕೀಲಿ ಮುಟ್ಟಲಿಲ್ಲ,
ಗೋಡೆಯ ಸ್ವಿಚ್ಚನ್ನೇ ಆರಿಸಿದ.
"ಬರೀ ಎಬ್ಬಿಸಿದರೆ ಜೊತೆಗೆ ಅದೂ ಏಳುತ್ತದೆ,
ಪೂರಾ ಸಾಯಬೇಕು ಮಷೀನು."
ತನ್ನ ಫ್ಲಾಪಿ ತೆಗೆದ, ಅಂಚಿನ ಕಚ್ಚಿಗೆ ಕರಿ ಪಟ್ಟಿ:
ಓದಲು ಕೊಡುತ್ತದೆ, ಬರೆಯಲು ಯಾರಿಗೂ ಬಿಡದು.
ಒಂದೊಂದೇ ಕಡತ ಹೊಕ್ಕು ನೋಡಿತು.
ನಲವತ್ತೊಂದಕ್ಕೆ ಬಾಲವಾಗಿ ಹತ್ತಿತ್ತು ರೋಗ;
ಕತ್ತರಿಸಿತು.

"ಹೊರಗಿನ ಫ್ಲಾಪಿ ಯಾರು ತಂದಿರಿ?"
ಶೇಠಜಿ ನನ್ನ ಕಡೆ ತಿರುಗಲಿಲ್ಲ,
ಸಿಪಾಯಿಯ ಮುಖ ನೋಡಿದರು.
ಭಾವ ಕೊಟ್ಟ ಇಟ್ಟಿಗೆಯಾಟ
ನನ್ನ ಚೀಲದಲ್ಲಿ, ರೊಟ್ಟಿ ಗಂಟಿನ ಕೆಳಗೆ.

ಸಂಜೆ ಹೆಸರು ಕೂಗಿದೆ. ಎಲ್ಲವೂ ಇದ್ದವು.
ನರಸೂಬಾಯಿ ನೋಟು ಎಣಿಸಿ, ಹೆಬ್ಬೆಟ್ಟು ಒತ್ತಿ
ಅಂದಳು:
"ಯಾಕವ್ವಾ, ಇವತ್ತ ನನ್ನ ಹೆಸರು
ಅಷ್ಟು ಸಾವಕಾಶ ಕರದಿ?"