ಬಚ್ಚಲ ಬಾಯಿ

ನಾಲಿಗೆ ಹೊಲಸಾದವರಿಗೆ ನಮ್ಮ ಕಡೆ
ಬಚ್ಚಲುಬಾಯಿ ಅನ್ನುತ್ತಾರೆ.
ಹಲ್ ಎಂಬ ಈ ಇಂಗ್ಲಿಷ್ ಊರಲ್ಲಿ ಹನ್ನೊಂದು ವರ್ಷ
ಬಚ್ಚಲುಗಳ ಮುಂದೆ ಮೊಣಕಾಲೂರಿದವಳು ಹೇಳುತ್ತೇನೆ:
ಬಡಪಾಯಿ ಅದು. ಸುಳ್ಳಾಡಲು ಬಾರದು.
ನುಂಗುವಷ್ಟು ನುಂಗುತ್ತದೆ,
ಆಗದಿದ್ದರೆ ಗೊಳಗೊಳ ಕರೆಯುತ್ತದೆ.

ಬೇಸಿನ್ನು ಒಂದೇ ತಡೆದು ನಿಂತರೆ
ರೋಗ ಅದರ ಕೊರಳಲ್ಲೇ:
ಕೂದಲು, ಸೋಪಿನ ಜಿಡ್ಡು, ಪೇಸ್ಟಿನ ಗಸಿ,
ಒಮ್ಮೆ ಒಂದು ಪ್ಲಾಸ್ಟಿಕ್ ಆನೆ,
ಸೊಂಡಿಲು ಎತ್ತಿಕೊಂಡೇ ಇತ್ತು.
ಕಮೋಡಿನ ನೀರು ಬಿಟ್ಟಾಗ ಟಬ್ಬು ತೇಗಿದರೆ
ಕೇಡು ಕೆಳಗೆ, ಎಲ್ಲ ಬಂದು ಕೂಡುವ ದೊಡ್ಡ ಕೊಳವೆಯಲ್ಲಿ;
ಮೇಲಿನವರನ್ನು ಬೈದು ಫಲವಿಲ್ಲ.
ಇಳಿಯುವ ನೀರು ಗುಟುಕು ಗುಟುಕಾಗಿ ಏದುಸಿರು ಬಿಟ್ಟರೆ
ಏಣಿ ಹಾಕು, ಮಾಡಿನ ಗಾಳಿಕೊಳವೆ ನೋಡು,
ಯಾವುದೋ ಹಕ್ಕಿ ಬಾಣಂತನ ಮಾಡುತ್ತಿರುತ್ತದೆ.
ಇಳಿಯುವುದಕ್ಕೂ ಬೆನ್ನ ಹಿಂದೆ ಒಂದಿಷ್ಟು ಉಸಿರು ಬೇಕು.

ಇದು ಡೋರೀನ್ ಸ್ಕಲ್‌ಥಾರ್ಪ್ ಕಲಿಸಿದ್ದು,
ಎರಡೂ ಮಂಡಿ ಬದಲಿಸಿಕೊಂಡಿದ್ದ ಮುದುಕಿ:
ಬಂದವಳೇ ಆಸಿಡ್ ಸುರಿಯಬೇಡ.
ಮೊದಲು ಕೇಳು. ಆಮೇಲೆ ಮೂಸು.
ಸ್ಪ್ಯಾನರ್ ಕೊನೆಗೆ.

ಮಾರ್ಚಿಯಲ್ಲಿ ಫೋನು ಬಂತು, ಹೆಸಲ್ ರೋಡಿನ ಹಿಂದಿನ ಸಾಲುಮನೆಯಿಂದ.
ವಾಲ್ಟರ್ ಆಲರೆನ್‌ಶಾ, ಮೀನು ಹಡಗಿನಲ್ಲಿ ಅಡುಗೆಯವನಾಗಿದ್ದವನು.
ಮಹಡಿಯ ಬಚ್ಚಲು ಕಟ್ಟಿದೆ, ನಾರುತ್ತಿದೆ,
ಇಲಿ ಸತ್ತಿರಬೇಕು, ಬೇಗ ಬಾ.

ಮೆಟ್ಟಿಲ ಮೇಲೆ ಸಾಲಾಗಿ ಮೂರು ಬಾಟಲಿ ದ್ರಾವಣ.
ಒಂದರ ಸೀಲೂ ಒಡೆದಿರಲಿಲ್ಲ.
ಅವನು ಹೊಸ್ತಿಲಲ್ಲೇ ನಿಂತ.
ಜಾಲರಿಯೊಳಕ್ಕೆ ಟಾರ್ಚು ಬಿಟ್ಟೆ:
ಮಿನುಗಬೇಕಿದ್ದ ನೀರಿನ ಕಣ್ಣು ಇಲ್ಲ.

ಪ್ರತಿ ಬಚ್ಚಲ ಕೆಳಗೂ ಕೊಳವೆ ಒಮ್ಮೆ ಬಾಗುತ್ತದೆ,
ಅಕ್ಷರದ ಕಾಲಡಿಯ ವಟ್ರಸುಳಿಯ ಹಾಗೆ.
ಆ ಬಾಗಿನಲ್ಲಿ ಬೊಗಸೆ ನೀರು ಸದಾ ನಿಂತಿರಬೇಕು.
ಅದೇ ಬಾಗಿಲು. ಅದರಾಚೆ
ಇಡೀ ಊರಿನ ಗಟಾರದ ಗಾಳಿ ಕಾದಿರುತ್ತದೆ.
ಯಾರೂ ಮೀಯದಿದ್ದರೆ ಆ ಬೊಗಸೆ
ಸದ್ದಿಲ್ಲದೆ ಆರಿಹೋಗುತ್ತದೆ.

ಕಟ್ಟಿಲ್ಲ, ಮಿಸ್ಟರ್ ಆಲರೆನ್‌ಶಾ. ಒಣಗಿದೆ.
ಇಲ್ಲಿ ಸ್ನಾನ ಆಗಿ ಎಷ್ಟು ದಿನ?

ಅವನು ಟವೆಲಿನ ಕೊಕ್ಕೆಗೆ ಉತ್ತರ ಕೊಟ್ಟ:
ಕಿಚಿಂಗ್ ಇದ್ದ. ಬಾಡಿಗೆಯವನು. ಇಪ್ಪತ್ತಾರು ವರ್ಷ.
ಹೋದ ಬೇಸಿಗೆಯ ಹಿಂದಿನ ಬೇಸಿಗೆಯ ತನಕ.
ನಾನು ಕೆಳಗೆ ಅಡುಗೆಮನೆಯ ಸಿಂಕಲ್ಲೇ
ಮೈ ಒರೆಸಿಕೊಳ್ಳುತ್ತೇನೆ.

ಟಬ್ಬಿನ ಅಂಚಲ್ಲಿ ಹಳದಿ ಸ್ಪಂಜು, ಕಲ್ಲಾಗಿತ್ತು.
ಒಂದೇ ಲೋಟದಲ್ಲಿ ಎರಡು ಬ್ರಷ್ಷು,
ತಲೆಗೆ ತಲೆ ತಾಗಿಸಿಕೊಂಡು.
ನಾನು ಕೊಳವೆಯವಳು,
ನನ್ನ ಪ್ರಶ್ನೆಗಳು ಕೊಳವೆಯವೇ. ಮುಗಿದಿದ್ದವು.

ನಲ್ಲಿ ತಿರುಗಿಸಿದೆ. ಕೆಮ್ಮಿತು, ತುಕ್ಕು ಉಗಿಯಿತು,
ಆಮೇಲೆ ತಿಳಿ ನೀರು, ಸರಾಗ ಇಳಿಯಿತು.
ಕೆಳಗೆಲ್ಲೋ ಗುಳುಂ ಅಂದು ಬಾಗಿಲು ಮುಚ್ಚಿತು.
ಕಿಟಕಿ ತೆರೆದೆ. ಹಂಬರ್ ನದಿಯ ಕಡೆಯ ಉಪ್ಪುಗಾಳಿ ಬಂತು.

ವಾರಕ್ಕೊಂದು ತಂಬಿಗೆ ನೀರು ಹಾಕಿ, ಅಂದೆ,
ತಂಬಿಗೆಗೆ ಇಂಗ್ಲಿಷು ಹೊಳೆಯದೆ
ಕೈಯಲ್ಲೇ ಹೊಟ್ಟೆ, ಕುತ್ತಿಗೆ ಮಾಡಿ ತೋರಿಸಿದೆ.
ಬರಿ ನೀರೇ? ಏನೂ ಬೆರೆಸದೆ?
ಏನೂ ಬೇಡ.
ನಮ್ಮಲ್ಲಿ ಎಳ್ಳು ಬೆರೆಸಿ ಬಿಟ್ಟರೆ
ಕೈಬಿಟ್ಟೆವು ಎಂದೇ ಅರ್ಥ.
ಅದನ್ನು ಅವನಿಗೆ ಹೇಳಲು ಹೋಗಲಿಲ್ಲ.

ಬಿಲ್ಲಿನಲ್ಲಿ ಬರೆದೆ: ತಡೆ ಕಂಡುಬಂದಿಲ್ಲ.
ಬಂದುಹೋದ ಖರ್ಚು, ಮೂವತ್ತೈದು ಪೌಂಡು.
ಅವನು ಬಿಸ್ಕತ್ತಿನ ಡಬ್ಬಿಯಿಂದ ನಾಣ್ಯ ಸೇರಿಸಿ ಎಣಿಸಿದ,
ಎರಡು ಸಲ.
ಬಾಗಿಲ ತನಕ ಬಂದು ಕೇಳಿದ, ಯಾವ ವಾರ?

ಯಾವುದಾದರೂ. ಮರೆಯದಂಥದ್ದು.

ಹಾಗಾದರೆ ಗುರುವಾರ, ಅಂದ.
ಕಿಚಿಂಗ್ ಗುರುವಾರ ಮೀಯುತ್ತಿದ್ದ,
ಬಿಸಿನೀರು ಪೂರ್ತಿ ಖಾಲಿ ಮಾಡುತ್ತಿದ್ದ, ಹಾಳಾದವನು.