ಗುಂಡಿಯಲ್ಲಿ ವೆರ್ನ್

ಗುರಿಹಲಗೆಗಳ ಕೆಳಗೆ, ಕಾಂಕ್ರೀಟಿನ ಗುಂಡಿಯಲ್ಲಿ ನನ್ನ ಪಾಳಿ.
ನೆತ್ತಿಯ ಮೇಲೆ ಚಟ್ಟೆಂದು ಗಾಳಿ ಸೀಳುತ್ತದೆ,
ಕೋವಿಯ ಸದ್ದು ಆಮೇಲೆ,
ಒಂಬೈನೂರು ಗಜ ನಡೆದು ಬಂದವರ ಹಾಗೆ ದಣಿದು.
ಹಲಗೆ ಇಳಿಸು, ತೂತು ಹುಡುಕು, ಬಿಲ್ಲೆ ಸಿಕ್ಕಿಸು,
ಹಳೆಯ ತೂತಿಗೆ ಅಂಟುಕಾಗದ ಮೆತ್ತು, ಏರಿಸು.
ಹೊಡೆದವರ ಮುಖ ಇಲ್ಲಿಗೆ ಕಾಣದು.
ಆದರೂ ಲೋರ್ನಾ ನೀವಾಂಡ್‌ಳನ್ನು
ನಾನು ಕಾಗದದಲ್ಲೇ ಗುರುತು ಹಿಡಿಯಬಲ್ಲೆ.

ವಾರವೆಲ್ಲ ಅವಳು ವಿಮ್ಮೆರಾದ ಸೈಲೋ ಬಾಗಿಲಲ್ಲಿ
ಗೋಧಿ ಲಾರಿಗಳನ್ನು ಟನ್ನುಗಟ್ಟಲೆ ತೂಗುವವಳು.
ರಾತ್ರಿ, ಬಟ್ಟೆ ಒಗೆಯುವ ಕೋಣೆಯ ಮೂಲೆಯಲ್ಲಿ
ಫ್ಯಾನು ಆರಿಸಿ, ಉಸಿರನ್ನೂ ಪಕ್ಕಕ್ಕೆ ತಿರುಗಿಸಿ
ಮದ್ದನ್ನು ಕಾಳಿನ ಲೆಕ್ಕದಲ್ಲಿ ತೂಗುವಳು.
ಕಾಳು, ಕಾಳಿನ ಹತ್ತರಲ್ಲೊಂದು,
ಗುಲಗಂಜಿಯೂ ಎಮ್ಮೆಯ ಹಾಗೆ ಕೂರುವ ತಕ್ಕಡಿಯಲ್ಲಿ.

ಮೊದಲ ಬೇಸಿಗೆ ಅವಳ ಮೂರು ಗುಂಡು
ಒಂದೇ ತೂತಿನಲ್ಲಿ ಸಂಸಾರ ಹೂಡಿದವು.
ಕ್ಲಬ್ಬಿನ ಕಾರ್ಯದರ್ಶಿ ಆ ಕಾಗದವನ್ನು
ಟೀ ಪಾತ್ರೆಯ ಮೇಲಿನ ಗೋಡೆಗೆ ಅಂಟಿಸಿದ.
ಇಪ್ಪತ್ತರ ಸರಣಿಗೆ ಬಂದಾಗ ಅದೇ ಮದ್ದು
ಹನ್ನೊಂದರ ತನಕ ಮಾತು ಉಳಿಸಿಕೊಂಡಿತು.
ಹನ್ನೆರಡು ತುಸು ಮೇಲೆ.
ಹದಿಮೂರು ಇನ್ನೂ ಮೇಲೆ.
ಹದಿನಾಲ್ಕು ಹಲಗೆಯನ್ನೇ ಬಿಟ್ಟು
ಹಿಂದಿನ ದಿಬ್ಬದಲ್ಲಿ ದೂಳೆಬ್ಬಿಸಿತು.
ಬೇಲಿಯ ಮೇಲಿನ ಮ್ಯಾಗ್‌ಪೈ ಹಕ್ಕಿ ನಗುವಂತೆ ಕೂಗಿತು.

"ಕಾದ ನಳಿಗೆ ಬೇರೆಯೇ ನಳಿಗೆ" ಅಂದಳು ಚಹಾ ಹೊತ್ತಿನಲ್ಲಿ,
"ತಣ್ಣಗಿದ್ದಾಗ ಯಾರೂ ಒಳ್ಳೆಯವರೇ, ವೆರ್ನ್."
ಬಿಸ್ಕತ್ತು ಅದ್ದಿದಳು. ಅರ್ಧ ಮುರಿದು ಲೋಟದೊಳಗೆ ಬಿತ್ತು.
ಚಮಚದಲ್ಲಿ ಎತ್ತಿ ತಿಂದಳು.

ಮೂರು ಚಳಿಗಾಲ ಆಯಿತು.
ಮದ್ದು ಬದಲಿಸಿದಳು, ಗುಂಡಿನ ಕೂರುವ ಆಳ ಬದಲಿಸಿದಳು,
ಹಿತ್ತಾಳೆಯ ಕತ್ತುಗಳನ್ನು ದೀಪಕ್ಕೆ ಹಿಡಿದು
ನೀಲಿಯೇರುವ ತನಕ ತಿರುಗಿಸಿದಳು.
ಮೂರು ಗುಂಡು ಹೊಡೆದು ನೋಡುವುದನ್ನು ಬಿಟ್ಟೇಬಿಟ್ಟಳು.
ಇಪ್ಪತ್ತೆಂದರೆ ಇಪ್ಪತ್ತು, ನಲವತ್ತು ಡಿಗ್ರಿ ಬಿಸಿಲಲ್ಲಿ,
ನಳಿಗೆಯಿಂದ ಎದ್ದ ಝಳದಲ್ಲಿ ಗುರಿಯೇ ನೀರಾಗಿ ತೇಲುವಾಗ.
ನಾನು ಕೆಳಗೆ ತೂತು ಮುಚ್ಚುತ್ತಿದ್ದೆ.

ಹೋದ ಶನಿವಾರ ಮಳೆ ಬರಬಹುದೆಂದು
ಅವಳ ಪುಸ್ತಕವನ್ನು ನನ್ನ ಗಾಡಿಯಲ್ಲಿಟ್ಟಿದ್ದಳು.
ತೆರೆಯಬಾರದಿತ್ತು. ತೆರೆದೆ.
ತೂಕ, ಬಿಸಿಲು, ಗಾಳಿಯ ದಿಕ್ಕು, ಆಮೇಲೆ
ಪ್ರತಿ ಸಾಲಿನ ಕೊನೆಯ ಅಂಕಣದಲ್ಲಿ ಪೆನ್ಸಿಲಿನಲ್ಲಿ:
*ಗುಂಡಿಯಲ್ಲಿ ಬೆರಿಲ್. ಒಂಬತ್ತು ಸೆಕೆಂಡು.*
*ಗುಂಡಿಯಲ್ಲಿ ಹುಡುಗ. ಹನ್ನೊಂದು.*
*ಗುಂಡಿಯಲ್ಲಿ ವೆರ್ನ್. ಇಪ್ಪತ್ತಾರು. ಮಂಡಿ.*

ಹದಿನಾಲ್ಕನೆಯದು ಎಲ್ಲಿ ಕೆಟ್ಟಿತ್ತೆಂದು
ಆಗ ತಿಳಿಯಿತು.
ನಾನು ಹಗ್ಗ ಹಿಡಿದು ಕಾಲು ನೀವಿಕೊಳ್ಳುವಷ್ಟು ಹೊತ್ತೂ
ಅವಳ ಮುಂದಿನ ತೋಟಾ ಕಾದ ನಳಿಗೆಯ ಬುಡದಲ್ಲಿ ಕೂತು
ಒಳಗಿನ ಮದ್ದು ಬೇಯುತ್ತಿತ್ತು.
ಒಂದು ಮಾತು ಅಂದಿದ್ದರೆ
ಪಾಳಿ ಬಿಟ್ಟುಕೊಡುತ್ತಿದ್ದೆ.
ಅನ್ನಲಿಲ್ಲ.
ಮೂರು ವರ್ಷ ಕೂತು ನನ್ನ ಮಂಡಿಯನ್ನು
ತಾಳಿಕೊಳ್ಳುವ ಮದ್ದೊಂದನ್ನು ಹುಡುಕಿದಳು.

ಅದು ವೇಗದಲ್ಲಿ ಹಿಂದೆ. ಚೆಲುವಿನಲ್ಲೂ ಹಿಂದೆ.
ಅಂಗೈಯಗಲ ಹರಡುತ್ತದೆ,
ಗೋಡೆಗೆ ಅಂಟಿಸಲು ಯಾರೂ ಕೇಳಲಾರರು.
ಮೊದಲನೆಯದು ಆ ಅಂಗೈಯೊಳಗೆ, ಹದಿನಾಲ್ಕು ಒಳಗೆ,
ಹತ್ತೊಂಬತ್ತು ಒಳಗೆ.

ಇವತ್ತು ನಾಚಿಕೆಗೆ ಓಡಿ ಓಡಿ ಹಲಗೆ ಇಳಿಸಿದೆ.
ಹತ್ತೇ ಸೆಕೆಂಡು. ಮಂಡಿ ಉರಿಯಿತು.
ಹತ್ತೊಂಬತ್ತರ ಬಿಲ್ಲೆ ಏರಿಸಿದ ಮೇಲೆ
ರೇಡಿಯೋದಲ್ಲಿ ಅವಳ ದನಿ ಕರಕರ ಬಂತು:
"ಯಾರದು ಕೆಳಗೆ? ವೆರ್ನ್ ಎಲ್ಲಿ ಹೋದ?"